ಅರಮನೆ ಮೈದಾನದ ಮೂರು ಸಂಜೆಗಳು: ಹೆವಿ ಮೆಟಲ್ ನೇರ ಪ್ರದರ್ಶನಗಳನ್ನು ಹೋಲಿಸುವುದು ಹೇಗೆ?

ನಾಗರಬಾವಿ ಕೇಳುಗ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್ ನುಡಿಸಿತು. 2009ರ ಫೆಬ್ರುವರಿ 15ರಂದು ಅದೇ ತಂಡ ಮರಳಿ ಬಂದಿತು. 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ಮೆಟಾಲಿಕಾ ನುಡಿಸಿತು. ಈ ಮೂರೂ ಸಂಜೆಗಳನ್ನು ಕಂಡವರು ನಮ್ಮ ನಡುವೆ ಹಲವರಿದ್ದಾರೆ. ಯಾವುದು ಮೇಲು ಎಂಬ ಮಾತು ಪ್ರತಿ ಸಲವೂ ಎದ್ದು, ಪ್ರತಿ ಸಲವೂ ತಮ್ಮ ತಮ್ಮ ನೆಚ್ಚಿನ ತಂಡದ ಹೆಸರು ಹೇಳುವುದರೊಂದಿಗೆ ನಿಂತುಬಿಡುತ್ತದೆ. ಈ ಸಲ ಸ್ವಲ್ಪ ವ್ಯವಧಾನದಿಂದ ಮಾತಾಡೋಣವೆಂದು ಈ ಎಳೆಯನ್ನು ಆರಂಭಿಸುತ್ತಿದ್ದೇನೆ.

ನನ್ನ ಉತ್ತರ 2007ರ ಮೇಡನ್. ಮೊದಲ ಕಾರಣ, ಆ ಸಂಜೆ ನುಡಿಸಿದ ಹಾಡುಗಳ ಆಯ್ಕೆ. 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್' ಆಲ್ಬಮ್ ಹೊರಬಂದ 2006ರಲ್ಲಿ ತಂಡ ಅದನ್ನು ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಪೂರ್ತಿಯಾಗಿ ವೇದಿಕೆಯ ಮೇಲೆ ನುಡಿಸಿತ್ತು. ಹಳೆಯ ಹಾಡುಗಳಿಗೆ ಕಾದು ನಿಂತವರಿಂದ ಗೊಣಗಾಟವನ್ನೂ ಕೇಳಿತ್ತು. ನಮ್ಮೂರಿಗೆ ಬರುವ ಹೊತ್ತಿಗೆ ಹೊಸ ಹಾಡುಗಳು ಸುಮಾರು ಅರ್ಧಕ್ಕಿಳಿದಿದ್ದವು. ಆದರೂ ತಂಡವನ್ನು ಅದೇ ಮೊದಲ ಬಾರಿಗೆ ಕಾಣುತ್ತಿದ್ದ ಊರಿನಲ್ಲಿ ನಿಂತು, ಸುಲಭವಾಗಿ ಚಪ್ಪಾಳೆ ಗಿಟ್ಟಿಸುವ ಹಾಡುಗಳನ್ನೇ ಸಾಲಾಗಿ ಪೋಣಿಸದೆ, ಎಂಟೊಂಬತ್ತು ನಿಮಿಷದ ಹೊಸ ರಚನೆಗಳನ್ನು ನಂಬಿಕೆಯಿಂದ ಮುಂದಿಟ್ಟದ್ದು ನನಗೆ ಗೌರವ ಹುಟ್ಟಿಸಿತು. ಎರಡನೆಯದು ಬ್ರೂಸ್ ಡಿಕಿನ್ಸನ್ ಅವರ ಗಾಯನ. ವೇದಿಕೆಯ ಒಂದು ತುದಿಯಿಂದ ಇನ್ನೊಂದಕ್ಕೆ ಓಡುತ್ತಲೇ ದೀರ್ಘ ಸ್ವರಗಳನ್ನು ಅಲುಗಾಡದಂತೆ ಹಿಡಿದು ನಿಲ್ಲಿಸುವುದು ಉಸಿರಿನ ಮೇಲಿನ ಹಿಡಿತವಿಲ್ಲದೆ ಆಗದು, ಅವರಿಗಾಗ ನಲವತ್ತೆಂಟು ವರ್ಷ. ಮೂರನೆಯದು ಗಿಟಾರುಗಳು. ಏಡ್ರಿಯನ್ ಸ್ಮಿತ್ 1999ರಲ್ಲಿ ಹಿಂದಿರುಗಿದ ಮೇಲೆ ತಂಡದಲ್ಲಿ ಮೂವರು ಗಿಟಾರ್ ವಾದಕರಿದ್ದಾರೆ. 1982ರಲ್ಲಿ ಇಬ್ಬರಿಗಾಗಿ ಕಟ್ಟಿದ 'ಹ್ಯಾಲೋಡ್ ಬಿ ದೈ ನೇಮ್' ಮೂವರ ಕೈಯಲ್ಲಿ ಬೇರೆಯದೇ ತೂಕ ಪಡೆಯುತ್ತದೆ. ಇಬ್ಬರು ಜೋಡಿ ಸ್ವರಗಳನ್ನು ನುಡಿಸುವಾಗ ಮೂರನೆಯವರು ಕೆಳಗಿನ ರಿಫ್ (ಮತ್ತೆ ಮತ್ತೆ ಮರಳುವ ಗಿಟಾರಿನ ತುಣುಕು) ಹಿಡಿದಿರುವುದರಿಂದ ಸೋಲೊ ಬಂದಾಗ ಹಾಡಿನ ನಡುವೆ ಟೊಳ್ಳು ಬೀಳುವುದಿಲ್ಲ.

ಮೆಟಾಲಿಕಾ ನುಡಿಸಿದ ಸಂಜೆ ನಾನು ಬಹಳ ಹಿಂದೆ, ಎಡಬದಿಯಲ್ಲಿ ನಿಂತಿದ್ದೆ. ರಿಫ್‌ಗಳ ಅಂಚು ನನ್ನವರೆಗೆ ಬಂದು ತಲುಪಲಿಲ್ಲ. ಹಾಡುಗಳ ಶ್ರುತಿಯೂ ರೆಕಾರ್ಡಿಗಿಂತ ತಗ್ಗಾಗಿತ್ತು. ಆ ತಂಡವನ್ನು ಹೆಚ್ಚು ಬಲ್ಲವರು ಏನೆನ್ನುತ್ತೀರಿ?

ಹುಬ್ಬಳ್ಳಿ ಆರು ತಂತಿ

ಕೇಳುಗ ಅವರೇ, ತಮ್ಮ ಬರಹದ ಮೊದಲ ಭಾಗವನ್ನು ಪೂರ್ತಿಯಾಗಿ ಒಪ್ಪುತ್ತೇನೆ, ಕೊನೆಯ ಭಾಗವನ್ನು ಒಪ್ಪುವುದು ಕಷ್ಟ.

ಶ್ರುತಿಯ ವಿಷಯ ಮೊದಲು. ತೊಂಬತ್ತರ ದಶಕದ ನಡುಭಾಗದಿಂದೀಚೆಗೆ ಮೆಟಾಲಿಕಾ ವೇದಿಕೆಯ ಮೇಲೆ ತನ್ನ ಹಳೆಯ ಹಾಡುಗಳನ್ನು ಅರ್ಧ ಸ್ವರ ಕೆಳಗಿಳಿಸಿ ನುಡಿಸುತ್ತಿದೆ. ಇದು ಆ ಸಂಜೆಯ ಕೊರತೆಯಲ್ಲ, ದಶಕಗಳಿಂದ ನಡೆದು ಬಂದ ತೀರ್ಮಾನ. ತಂಡದ ಗಾಯಕರೂ ಗಿಟಾರ್ ವಾದಕರೂ ಆದ ಜೇಮ್ಸ್ ಹೆಟ್‌ಫೀಲ್ಡ್ ಇಪ್ಪತ್ತರ ಹರೆಯದಲ್ಲಿ ಕೂಗಿ ಹಾಡಿದ ಹಾಡುಗಳನ್ನು ನಲವತ್ತೆಂಟರಲ್ಲೂ ವಾರಕ್ಕೆ ಹಲವು ಸಲ ಹಾಡಬೇಕಾದಾಗ ಕಂಠ ಉಳಿಯಬೇಕಲ್ಲ. 1991ರ ಕಪ್ಪು ಆಲ್ಬಮ್‌ನ ಕಾಲದಲ್ಲಿ ಅವರ ಕಂಠಕ್ಕೆ ಪೆಟ್ಟು ಬಿದ್ದು, ಆಮೇಲೆ ಗುರುಗಳ ಬಳಿ ಗಾಯನದ ಪಾಠ ಹೇಳಿಸಿಕೊಂಡದ್ದು ತಮಗೂ ಗೊತ್ತಿರುತ್ತದೆ. ಶ್ರುತಿ ಇಳಿಸುವುದು ಈ ಸಂಗೀತದಲ್ಲಿ ಅವಮಾನದ ಸಂಗತಿಯೂ ಅಲ್ಲ. ಕಾರ್ಖಾನೆಯ ಅಪಘಾತದಲ್ಲಿ ಎರಡು ಬೆರಳುಗಳ ತುದಿ ಕಳೆದುಕೊಂಡ, ಬ್ಲ್ಯಾಕ್ ಸಬಾತ್ ತಂಡದ ಗಿಟಾರ್ ವಾದಕ ಟೋನಿ ಐಯೊಮಿ ತಂತಿಗಳ ಬಿಗುವನ್ನು ತಗ್ಗಿಸಿಕೊಂಡರು. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯಲ್ಲಿ ಕೇಳುವ ಆ ತಗ್ಗಿದ ಶ್ರುತಿಯಿಂದಲೇ ಮೆಟಲ್‌ನ ಅರ್ಧ ಭಾಗ ಹುಟ್ಟಿತು. ಮೇಡನ್ ಮೂಲ ಶ್ರುತಿಯನ್ನೇ ಕಾಪಾಡಿಕೊಂಡಿದೆ ಎಂಬುದು ಮೆಚ್ಚತಕ್ಕ ಸಂಗತಿ ನಿಜ, ಆದರೆ ಅದನ್ನೇ ಅಳತೆಗೋಲಾಗಿ ಹಿಡಿದು ಇನ್ನೊಂದು ತಂಡವನ್ನು ತೂಗುವುದು ಸರಿಯಲ್ಲ.

ನಾನು ಮೆಟಾಲಿಕಾವನ್ನು ಮೇಲಿಡುವುದು ಹೆಟ್‌ಫೀಲ್ಡ್ ಅವರ ಬಲಗೈಗಾಗಿ. 'ಮಾಸ್ಟರ್ ಆಫ್ ಪಪೆಟ್ಸ್' ನಿಮಿಷಕ್ಕೆ ಸುಮಾರು 212 ಎಣಿಕೆಯ ವೇಗದಲ್ಲಿ ಸಾಗುತ್ತದೆ. ಆ ರಿಫ್ಫನ್ನು ಮೇಲೆ ಕೆಳಗೆ ಎಂದು ಪರ್ಯಾಯವಾಗಿ ಮೀಟಿದರೆ ಯಾವ ವಿದ್ಯಾರ್ಥಿಯಾದರೂ ತಿಂಗಳೆರಡು ತಿಂಗಳಲ್ಲಿ ನುಡಿಸಬಹುದು. ಅವರು ಪ್ರತಿ ಮೀಟನ್ನೂ ಮೇಲಿನಿಂದ ಕೆಳಕ್ಕೇ ಹೊಡೆಯುತ್ತಾರೆ, ಅಂದರೆ ಸೆಕೆಂಡಿಗೆ ಏಳು ಬಾರಿ, ಹಾಡುತ್ತಲೇ. ನಾನು ನಿಂತಿದ್ದ ಜಾಗದಿಂದ, ಧ್ವನಿಯನ್ನು ಹದಗೊಳಿಸುವ ಮಿಕ್ಸಿಂಗ್ ಕನ್ಸೋಲಿನ ಮುಂದಿನಿಂದ, ಒಂದೊಂದು ಮೀಟೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಹಿಂದಿನ ಎರಡು ದಿನಗಳ ಆತಂಕವನ್ನೂ ನೆನೆಯಬೇಕು. ಅಕ್ಟೋಬರ್ 28ರಂದು ಗುರುಗಾಂವ್‌ನಲ್ಲಿ ಜನ ತಡೆಗೋಡೆ ಮುರಿದು ನುಗ್ಗಿ ಕಾರ್ಯಕ್ರಮವೇ ರದ್ದಾಗಿತ್ತು. ಬೆಂಗಳೂರಿನಲ್ಲಾದರೂ ನಡೆದೀತೇ ಎಂದು ಹುಬ್ಬಳ್ಳಿಯಿಂದ ರಾತ್ರಿ ಬಸ್ಸು ಹತ್ತುವವರೆಗೂ ನಮಗೆ ಖಾತ್ರಿಯಿರಲಿಲ್ಲ. ದೀಪಗಳು ಆರಿ, ತಂಡ ವೇದಿಕೆಗೆ ಬರುವ ಮುನ್ನ ಕೇಳಿಸುವ ಎನಿಯೊ ಮೊರಿಕೋನೆ ಅವರ 'ದಿ ಎಕ್ಸ್ಟಸಿ ಆಫ್ ಗೋಲ್ಡ್' ಕೇಳಿಬಂದಾಗ ನನ್ನ ಪಕ್ಕದವರು ಅಳುತ್ತಿದ್ದರು.

ಕನ್ಸೋಲಿನ ಹಿಂದೆ

ಇಬ್ಬರೂ ನಿಂತ ಜಾಗವನ್ನು ಹೇಳಿರುವುದರಿಂದ ನನಗೆ ಮಾತು ಸುಲಭವಾಯಿತು. ನಾನು ಧ್ವನಿವರ್ಧಕ ವ್ಯವಸ್ಥೆಯ ಕೆಲಸದಲ್ಲಿದ್ದೇನೆ. ಈ ಮೂರರಲ್ಲಿ ಯಾವ ಕಾರ್ಯಕ್ರಮದಲ್ಲೂ ಕೆಲಸ ಮಾಡಿದವನಲ್ಲ, ಎರಡಕ್ಕೆ ಟಿಕೆಟ್ ಕೊಂಡು ಹೋಗಿದ್ದೆ. ನೀವಿಬ್ಬರೂ ಒಂದೇ ಕಾರ್ಯಕ್ರಮಕ್ಕೆ ಹೋಗಿದ್ದರೂ ಕೇಳಿದ್ದು ಎರಡು ಬೇರೆ ಬೇರೆ ಧ್ವನಿಗಳನ್ನು.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ ನೂರು ಮೀಟರ್ ದೂರದಲ್ಲಿ ನಿಂತವರಿಗೆ ಅದು ತಲುಪಲು ಸೆಕೆಂಡಿನ ಹತ್ತರಲ್ಲಿ ಮೂರು ಭಾಗದಷ್ಟು ಹೊತ್ತು ಬೇಕು. ಆರು ತಂತಿಯವರು ಹೇಳಿದ 212ರ ವೇಗದಲ್ಲಿ ಒಂದು ಎಣಿಕೆಯ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಆ ಹಾಡಿನಲ್ಲಿ ನೂರು ಮೀಟರ್ ಹಿಂದೆ ನಿಂತವರು ಡ್ರಮ್ಮರಿನ ಕೈ ಬೀಳುವುದನ್ನು ಕಾಣುವ ಗಳಿಗೆಯಲ್ಲಿ ಕೇಳುತ್ತಿರುವುದು ಹಿಂದಿನ ಎಣಿಕೆಯನ್ನು. ದೊಡ್ಡ ಮೈದಾನಗಳಲ್ಲಿ ನಡುವೆ ಗೋಪುರ ನಿಲ್ಲಿಸಿ ಇನ್ನೊಂದು ಸಾಲು ಸ್ಪೀಕರುಗಳನ್ನು ಕಟ್ಟುತ್ತಾರೆ, ವೇದಿಕೆಯಿಂದ ಬರುವ ಧ್ವನಿಯ ಜೊತೆ ಕೂಡುವಂತೆ ಅವುಗಳನ್ನು ಬೇಕೆಂದೇ ತಡಮಾಡಿ ನುಡಿಸುತ್ತಾರೆ. ಆ ಹೊಂದಾಣಿಕೆ ಎಲ್ಲ ಜಾಗಗಳಿಗೂ ಒಮ್ಮೆಗೇ ಸರಿಹೋಗುವುದು ಸಾಧ್ಯವಿಲ್ಲ. ಬದಿಯಲ್ಲಿ ನಿಂತವರಿಗೆ ಎರಡು ಅಲೆಗಳು ಸ್ವಲ್ಪ ಹಿಂದೆ ಮುಂದೆ ಬಂದು ರಿಫ್ಫಿನ ಅಂಚು ಮಾಸಿಹೋಗುತ್ತದೆ. ಕೇಳುಗ ಅವರು ಹೇಳಿದ್ದು ಇದೇ ಇರಬೇಕು.

ತಗ್ಗಿನ ಸ್ವರಗಳದು ಇನ್ನೂ ತೊಡಕಿನ ವಿಷಯ. ಸಬ್ ವೂಫರುಗಳನ್ನು ವೇದಿಕೆಯ ಎಡಬಲಗಳಲ್ಲಿ ಗುಡ್ಡೆ ಹಾಕಿದಾಗ ಎರಡೂ ಕಡೆಯಿಂದ ಸಮದೂರದಲ್ಲಿರುವ ನಡುಗೆರೆಯಲ್ಲಿ ಅಲೆಗಳು ಕೂಡಿಕೊಂಡು ಎದೆ ನಡುಗಿಸುತ್ತವೆ. ಅಲ್ಲಿಂದ ಪಕ್ಕಕ್ಕೆ ದೂರ ಸರಿದ ಹಾಗೆ ಕೆಲವು ಸ್ವರಗಳು ಒಂದನ್ನೊಂದು ಅಳಿಸಿಹಾಕುತ್ತವೆ. 60 ಹರ್ಟ್ಸ್‌ನ ಒಂದು ಅಲೆಯ ಉದ್ದ ಆರು ಮೀಟರಿಗೆ ಸ್ವಲ್ಪ ಕಡಿಮೆ, ಆದುದರಿಂದ ಎರಡು ಬದಿಗಳಿಂದ ಬರುವ ದೂರಗಳಲ್ಲಿ ಮೂರು ಮೀಟರಿನ ವ್ಯತ್ಯಾಸ ಸಾಕು, ಬಾಸ್ ಡ್ರಮ್ಮಿನ ಹೊಟ್ಟೆಯೇ ಕಾಣೆಯಾಗುತ್ತದೆ. ಮೇಲಿನ ಸ್ವರಗಳನ್ನಾದರೋ ಗಾಳಿಯೇ ನುಂಗುತ್ತದೆ. ದೂರ ಹೆಚ್ಚಿದಷ್ಟೂ ಸಿಂಬಲ್‌ನ ಹೊಳಪು, ಗಿಟಾರಿನ ಕೊರೆತ ಕುಂದುತ್ತವೆ, ಬೀಸುಗಾಳಿಯಿದ್ದರೆ ಅದೂ ಅತ್ತಿತ್ತ ತೂಗಾಡುತ್ತದೆ.

ಮೇಡನ್ ಮತ್ತು ಮೆಟಾಲಿಕಾ ಈ ಪರೀಕ್ಷೆಯನ್ನು ಬೇರೆ ಬೇರೆ ಸ್ಥಿತಿಯಲ್ಲಿ ಎದುರಿಸುತ್ತವೆ ಎಂಬುದನ್ನೂ ಗಮನಿಸಿ. ಮೇಡನ್‌ನ ಹಾಡುಗಳನ್ನು ಹೊತ್ತು ನಡೆಸುವುದು ನಡುಶ್ರೇಣಿಯ ರಾಗಗಳು, ಅಂದರೆ ಡಿಕಿನ್ಸನ್ ಅವರ ಕಂಠ ಮತ್ತು ಜೋಡಿ ಗಿಟಾರುಗಳು. ಸ್ಟೀವ್ ಹ್ಯಾರಿಸ್ ಅವರ ಬೇಸ್ ಗಿಟಾರಿನಲ್ಲೂ ತಂತಿ ಫ್ರೆಟ್ಟಿಗೆ ಬಡಿಯುವ ಟಕಟಕ ಸದ್ದೇ ಮುಂದಿರುತ್ತದೆ. ಇವೆಲ್ಲ ಬಯಲಿನಲ್ಲಿ ದೂರದವರೆಗೆ ಕೆಡದೆ ಸಾಗುತ್ತವೆ. ಮೆಟಾಲಿಕಾದ ಶಕ್ತಿಯಿರುವುದು ಅಂಗೈಯಿಂದ ಅದುಮಿ ನುಡಿಸುವ ತಗ್ಗಿನ ರಿಫ್ಫುಗಳಲ್ಲಿ, ಬಯಲು ಮೊದಲು ಕೆಡಿಸುವುದು ಅವನ್ನೇ. ಆದ್ದರಿಂದ ಹಿಂದಿನ ಎಡಬದಿಯಿಂದ ಕೇಳಿದ ಮೆಟಾಲಿಕಾವನ್ನು ಮೇಡನ್ ಜೊತೆ ಹೋಲಿಸುವಾಗ, ತಂಡ ಎಷ್ಟು ಚೆನ್ನಾಗಿ ನುಡಿಸಿತು ಎಂಬ ಪ್ರಶ್ನೆಯನ್ನು ತುಸು ಬದಿಗಿಡಬೇಕಾಗುತ್ತದೆ.

ನಾಗರಬಾವಿ ಕೇಳುಗ

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕೃತಜ್ಞ. ಹಾಗಾದರೆ ಮೈದಾನದಲ್ಲಿ ಕೇಳಿದ ಯಾವುದನ್ನೂ ಹೋಲಿಸಲಾಗದು ಎಂದು ತಾವು ಹೇಳುತ್ತಿದ್ದೀರಾ? ನಾದದ ಗುಣ ಜಾಗಕ್ಕೆ ತಕ್ಕಂತೆ ಬದಲಾಗುವುದು ನಿಜವಾದರೂ, ಲಯ, ಹಾಡುಗಳ ಆಯ್ಕೆ, ಗಾಯಕ ಸ್ವರ ಮುಟ್ಟಿದರೋ ಇಲ್ಲವೋ ಎಂಬುದು ಎಲ್ಲ ಜಾಗದಲ್ಲೂ ಒಂದೇ ಅಲ್ಲವೇ?

ಮೈಸೂರು ತಾಳವಾದ್ಯ

ಲಯ ಎಲ್ಲ ಜಾಗದಲ್ಲೂ ಒಂದೇ. ಹಾಗಾಗಿ ಹೋಲಿಕೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂಬುದು ನನ್ನ ಅಭಿಪ್ರಾಯ. ಕರ್ನಾಟಕ ಸಂಗೀತದ ಕಛೇರಿಯಲ್ಲಿ ಹಿರಿಯರು ಮೊದಲು ಕೇಳುವುದೇ ಕಾಲಪ್ರಮಾಣ ನಿಂತಿತೇ ಎಂದು. ಎತ್ತಿಕೊಂಡ ವೇಗದಲ್ಲೇ ಕೃತಿ ಮುಗಿಯಬೇಕು, ತನಿ ಆವರ್ತನದ ಬಿಸಿಯಲ್ಲಿ ಓಡಬಾರದು. ಮೆಟಲ್ ವೇದಿಕೆಯಲ್ಲಿ ಈ ನಿಯಮವಿಲ್ಲ, ಅಲ್ಲಿ ಬಹುತೇಕ ಎಲ್ಲರೂ ಓಡುತ್ತಾರೆ. 1989ರಲ್ಲಿ ಸಿಯಾಟಲ್‌ನಲ್ಲಿ ಚಿತ್ರೀಕರಿಸಿದ ಮೆಟಾಲಿಕಾದ ಕಾರ್ಯಕ್ರಮ 1993ರ 'ಬಿಂಜ್ ಅಂಡ್ ಪರ್ಜ್' ಪೆಟ್ಟಿಗೆಯಲ್ಲಿದೆ. ಅದನ್ನು ಸ್ಟುಡಿಯೊ ಆಲ್ಬಮ್‌ಗಳ ಪಕ್ಕದಲ್ಲಿಟ್ಟು ಕೇಳಿದರೆ ಹಾಡುಗಳು ಎಷ್ಟು ವೇಗ ಪಡೆದಿವೆ ಎಂಬುದು ಗೊತ್ತಾಗುತ್ತದೆ. ಮೇಡನ್‌ನ 'ಲಿವ್ ಆಫ್ಟರ್ ಡೆತ್' ಕೂಡ ಹಾಗೆಯೇ. ನನಗೆ ಮುಖ್ಯವೆನಿಸುವುದು ವೇಗ ಹೆಚ್ಚಾದಾಗ ಹಾಡಿನ ನಡಿಗೆ ಉಳಿಯಿತೇ ಎಂಬುದು. ಮೇಡನ್‌ನ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಹೆಚ್ಚಾಗಿ ಒಂದೇ ಪೆಡಲಿನಲ್ಲಿ ಬಾಸ್ ಡ್ರಮ್ ನುಡಿಸುತ್ತಿದ್ದುದರಿಂದ ಎಷ್ಟೇ ವೇಗವಾದರೂ ಏಟು ಏಟಿನ ನಡುವೆ ಸಂದು ಇರುತ್ತಿತ್ತು, ಹ್ಯಾರಿಸ್ ಅವರ ಕುದುರೆ ಓಟದ ಲಯಕ್ಕೆ ಆ ಸಂದಿನಲ್ಲಿ ಜಾಗವಿರುತ್ತಿತ್ತು. ಅವರು ಪಾರ್ಶ್ವವಾಯುವಿನಿಂದ ಚೇತರಿಸಿಕೊಂಡು ಮತ್ತೆ ವೇದಿಕೆ ಹತ್ತಿ, 2024ರ ಡಿಸೆಂಬರಿನಲ್ಲಿ ಪ್ರವಾಸಗಳಿಂದ ನಿವೃತ್ತರಾದರು. ಈಗ ಆ ಆಸನದಲ್ಲಿ ಸೈಮನ್ ಡಾಸನ್ ಇದ್ದಾರೆ. 2007ರ ಮೇಡನ್ ಮತ್ತು ಇಂದಿನ ಮೇಡನ್‌ಗಳನ್ನು ಹೋಲಿಸುವವರು ಈ ಬದಲಾವಣೆಯನ್ನು ಮರೆಯಬಾರದು.

ಈ ಚರ್ಚೆ ಮೂರೇ ಸಂಜೆಗಳಿಗೆ ನಿಲ್ಲಬಾರದೆಂದು ನಾಲ್ಕನೆಯದೊಂದನ್ನು ಸೇರಿಸುತ್ತೇನೆ. 2012ರ ಅಕ್ಟೋಬರಿನಲ್ಲಿ ಸ್ಲೇಯರ್ ಬೆಂಗಳೂರಿಗೆ ಬಂದಿತ್ತು. ಗಿಟಾರ್ ವಾದಕ ಜೆಫ್ ಹ್ಯಾನೆಮನ್ ಅನಾರೋಗ್ಯದಿಂದ ಬಂದಿರಲಿಲ್ಲ, ಎಕ್ಸೊಡಸ್‌ನ ಗ್ಯಾರಿ ಹೋಲ್ಟ್ ಅವರ ಜಾಗದಲ್ಲಿದ್ದರು. ಮುಂದಿನ ಮೇ ತಿಂಗಳಲ್ಲಿ ಹ್ಯಾನೆಮನ್ ತೀರಿಕೊಂಡರು. ಡ್ರಮ್ಮರ್ ಡೇವ್ ಲೊಂಬಾರ್ಡೊ ಆಗಿನ್ನೂ ತಂಡದಲ್ಲಿದ್ದರು, 2013ರ ಆರಂಭಕ್ಕೆ ಅವರೂ ಹೊರಬಿದ್ದರು. ಆದುದರಿಂದ ಆ ಸಂಜೆ ನಾವು ಕಂಡದ್ದು ಸ್ಲೇಯರ್‌ನ ಅಲ್ಪಕಾಲದ ಒಂದು ರೂಪವನ್ನು. 'ಏಂಜೆಲ್ ಆಫ್ ಡೆತ್' ನಡುವೆ ಎಲ್ಲ ವಾದ್ಯಗಳೂ ನಿಂತು ಎರಡು ಬಾಸ್ ಡ್ರಮ್ಮುಗಳು ಮಾತ್ರ ಉಳಿಯುವ ಆ ತುಣುಕನ್ನು ಲೊಂಬಾರ್ಡೊ ಅವರ ಪಾದಗಳಿಂದಲೇ ಕೇಳಿದವನಿಗೆ ಬೇರೆ ಯಾವ ಹೋಲಿಕೆಯೂ ಅಂದು ನೆನಪಾಗಲಿಲ್ಲ. ವೇಗದಲ್ಲಿ ಅವರನ್ನು ಮೀರಿಸುವ ಯುವಕರು ಇಂದು ನೂರಾರು ಮಂದಿ ಇದ್ದಾರೆ. ಅವರ ಏಟುಗಳಲ್ಲಿ ಏರಿಳಿತವಿತ್ತು, ಬಲಗಾಲಿನ ತೂಕ ಬೇರೆ, ಎಡಗಾಲಿನ ತೂಕ ಬೇರೆ. ಪ್ರತಿ ಏಟನ್ನೂ ಒಂದೇ ಅಚ್ಚಿನ ಸದ್ದಾಗಿ ಬದಲಿಸುವ ಟ್ರಿಗರ್‌ಗಳ ಕಾಲದಲ್ಲಿ ಇದು ಅಪರೂಪವಾಗುತ್ತಿದೆ. ನೇರ ಪ್ರದರ್ಶನದಲ್ಲಿ ನಾನು ಹುಡುಕುವುದು ಇದನ್ನೇ.

ತುಂಗಾ ತೀರ

ನೀವೆಲ್ಲರೂ ವೇದಿಕೆಯ ಕಡೆಗೇ ಮುಖ ಮಾಡಿ ನಿಂತಿದ್ದೀರಿ. ಇತ್ತ ಜನರ ಕಡೆಗೂ ತಿರುಗಿ ನೋಡಬೇಕೆಂದು ಕೋರುತ್ತೇನೆ, ಏಕೆಂದರೆ ಈ ಸಂಗೀತದಲ್ಲಿ ಕೇಳುಗರು ಪ್ರದರ್ಶನದ ಒಂದು ಭಾಗ. 'ಫಿಯರ್ ಆಫ್ ದಿ ಡಾರ್ಕ್' 1992ರ ಆಲ್ಬಮ್‌ನಲ್ಲಿ ಒಂದು ಒಳ್ಳೆಯ ಹಾಡು, ಅಷ್ಟೇ. 2001ರ ಜನವರಿಯಲ್ಲಿ ರಿಯೊದಲ್ಲಿ ಧ್ವನಿಮುದ್ರಿಸಿಕೊಂಡ ರೂಪದಲ್ಲಿ ಗಿಟಾರಿನ ಆರಂಭದ ರಾಗವನ್ನು ಇಡೀ ಮೈದಾನ ಹಾಡುತ್ತದೆ, ಪದಗಳಿಗಿಂತ ಮೊದಲು ರಾಗವನ್ನೇ. ಆ ಧ್ವನಿಮುದ್ರಣ ಲೋಕದಲ್ಲೆಲ್ಲ ಹರಡಿದ ಮೇಲೆ ಎಲ್ಲ ಊರುಗಳಲ್ಲೂ ಜನ ಅದನ್ನು ಹಾಗೆಯೇ ಹಾಡತೊಡಗಿದರು. ಅರಮನೆ ಮೈದಾನದಲ್ಲೂ ಹಾಡಿದೆವು. ನನ್ನ ಅಕ್ಕಪಕ್ಕದಲ್ಲಿ ಈಶಾನ್ಯ ರಾಜ್ಯಗಳಿಂದ ರೈಲಿನಲ್ಲಿ ಬಂದ ಹುಡುಗರಿದ್ದರು, ಅವರಿಗೆ ಪ್ರತಿ ಪದವೂ ಕಂಠಪಾಠವಾಗಿತ್ತು. ಕಾರ್ಯಕ್ರಮ ಮುಗಿದು ಮೇಖ್ರಿ ವೃತ್ತದ ಕಡೆಗೆ ನಡೆದು ಹೋಗುವಾಗಲೂ ಜನ ಆ ರಾಗವನ್ನು ಬಿಟ್ಟಿರಲಿಲ್ಲ.

ಆ ದಿನಗಳಲ್ಲಿ ಇಂತಹ ಕಾರ್ಯಕ್ರಮಗಳಿಗೆ ಬರುವ ಹೆಣ್ಣುಮಕ್ಕಳು ಕಡಿಮೆ. ನಾನೂ ನನ್ನ ಗೆಳತಿಯೂ ತಡೆಗೋಡೆಯ ಹತ್ತಿರ ಹೋಗುವ ಆಸೆ ಬಿಟ್ಟು ಬದಿಯಲ್ಲೇ ನಿಂತಿದ್ದೆವು. ಕನ್ಸೋಲಿನ ಹಿಂದಿನವರು ಹೇಳಿದಂತೆ ನಾದದ ಗುಣ ಜಾಗದ ಮೇಲೆ ನಿಂತಿದ್ದರೆ, ಯಾರಿಗೆ ಯಾವ ಜಾಗ ಸಿಗುತ್ತದೆ ಎಂಬುದೂ ಹೋಲಿಕೆಯಲ್ಲಿ ಬರಲೇಬೇಕು. ಮುಂದೆ ನಿಲ್ಲಲು ಹಣ ಅಥವಾ ಭುಜಬಲ ಎರಡರಲ್ಲೊಂದು ಬೇಕಾಗುವ ಮೈದಾನದಲ್ಲಿ ಒಳ್ಳೆಯ ಧ್ವನಿ ಕೇಳಿದವರ ಅಭಿಪ್ರಾಯವೇ ಎಲ್ಲರ ಅಭಿಪ್ರಾಯವಾಗಿ ಉಳಿದುಬಿಡುತ್ತದೆ.

ಇನ್ನೊಂದು ಮಾತು ಮೊದಲು ನುಡಿಸುವ ತಂಡಗಳ ಬಗ್ಗೆ. 2011ರಲ್ಲಿ ಮೆಟಾಲಿಕಾಕ್ಕಿಂತ ಮೊದಲು ನಮ್ಮೂರಿನ ಇನ್ನರ್ ಸ್ಯಾಂಕ್ಟಮ್ ನುಡಿಸಿತು. ಇನ್ನೂ ಬೆಳಕಿರುವಾಗ, ಜನ ಇನ್ನೂ ಒಳಬರುತ್ತಿರುವಾಗ ನುಡಿಸಬೇಕಾದ ತಂಡವನ್ನು ಕತ್ತಲಲ್ಲಿ ಸಕಲ ದೀಪಗಳೊಂದಿಗೆ ಬರುವ ತಂಡದ ಜೊತೆ ಹೋಲಿಸುವುದು ಎಷ್ಟು ಸರಿ? ಕ್ರಿಪ್ಟಾಸ್ ತಂಡವನ್ನು ನಾನು ಬೆಂಗಳೂರಿನ ಚಿಕ್ಕ ಸಭಾಂಗಣಗಳಲ್ಲಿ ಕೇಳಿದ್ದೇನೆ. 1998ರಲ್ಲಿ ಹುಟ್ಟಿದ ಆ ತಂಡದ ಜೋಡಿ ಗಿಟಾರುಗಳು ನಾಲ್ಕು ಗೋಡೆಗಳ ನಡುವೆ ಕೊಟ್ಟ ಸಂತೋಷವನ್ನು ಈ ದೊಡ್ಡ ಹೆಸರುಗಳು ಬಯಲಿನಲ್ಲಿ ನನಗೆ ಕೊಟ್ಟಿಲ್ಲ.

ಹ್ಯಾಂಬರ್ಗ್ ಕನ್ನಡಿಗ

ಮೇಡಂ, ತಮ್ಮ ಕೊನೆಯ ಮಾತಿಗೆ ನನ್ನದೂ ಒಂದು ಓಟು. ಕ್ರಿಪ್ಟಾಸ್ ತಂಡಕ್ಕೆ ಇಲ್ಲಿ ಜರ್ಮನಿಯಲ್ಲೂ ಅಭಿಮಾನಿಗಳಿದ್ದಾರೆ, 2013ರಲ್ಲಿ ಅವರು ವಾಕನ್ ಉತ್ಸವದಲ್ಲಿ ನುಡಿಸಿದ್ದಾರೆ.

ವಾಕನ್ ನಮ್ಮ ಊರಿನಿಂದ ವಾಯವ್ಯಕ್ಕಿರುವ ಒಂದು ಹಳ್ಳಿ. 1990ರಲ್ಲಿ ಆರಂಭವಾದ ಆ ಉತ್ಸವಕ್ಕೆ ಈಗ ಸುಮಾರು 85 ಸಾವಿರ ಜನ ಬರುತ್ತಾರೆ. 2023ರಲ್ಲಿ ಮಳೆ ಸುರಿದು ಹೊಲಗಳೆಲ್ಲ ಕೆಸರಾಗಿ, ಟಿಕೆಟ್ ಇದ್ದ ಸಾವಿರಾರು ಜನರನ್ನು ಒಳಬಿಡಲಾಗಲಿಲ್ಲ. ಆ ವರ್ಷ ಮೇಡನ್ ಅಲ್ಲಿ ನುಡಿಸಿತು, ನಾನು ಮೊಣಕಾಲವರೆಗಿನ ಕೆಸರಿನಲ್ಲಿ ನಿಂತು ಕೇಳಿದೆ. ಆ ಪ್ರವಾಸದಲ್ಲೇ ತಂಡ 1986ರ 'ಅಲೆಕ್ಸಾಂಡರ್ ದಿ ಗ್ರೇಟ್' ಹಾಡನ್ನು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ವೇದಿಕೆಗೆ ತಂದಿತ್ತು. ಮೂವತ್ತೇಳು ವರ್ಷ ಆ ಹಾಡು ರೆಕಾರ್ಡಿನಲ್ಲೇ ಇತ್ತು. ಮೊದಲ ಸ್ವರಗಳು ಕೇಳಿದಾಗ ನನ್ನ ಸುತ್ತಲಿನ ನರೆಗೂದಲಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಡಿಕಿನ್ಸನ್ ಅವರಿಗೆ ಆಗ ಅರವತ್ತೈದು ಸಮೀಪಿಸಿತ್ತು. ಗಂಟಲಿನ ಕ್ಯಾನ್ಸರಿಗೆ 2015ರಲ್ಲಿ ಚಿಕಿತ್ಸೆ ಪಡೆದವರು ಅವರು. ಮೇಲಿನ ಸ್ವರಗಳಲ್ಲಿ ಮೊದಲಿನ ತೆಳುವಾದ ಹೊಳಪು ಇರಲಿಲ್ಲ, ಧ್ವನಿ ಗಟ್ಟಿಯಾಗಿ, ಅಗಲವಾಗಿ ಬೆಳೆದಿತ್ತು. 2007ರ ಕಂಠವೇ ಮೇಲೆಂದು ಹೇಳಲು ನನಗೆ ಮನಸ್ಸಾಗುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಮೆಟಾಲಿಕಾ ತನ್ನ ಎಂ72 ಪ್ರವಾಸವನ್ನು ಆಮ್‌ಸ್ಟರ್‌ಡ್ಯಾಂನಲ್ಲಿ ಆರಂಭಿಸಿತು. ವೇದಿಕೆ ಕ್ರೀಡಾಂಗಣದ ನಟ್ಟನಡುವೆ ಬಳೆಯ ಆಕಾರದಲ್ಲಿದೆ, ಬಳೆಯ ಒಳಗೂ ಜನ ನಿಲ್ಲುತ್ತಾರೆ. ಸುತ್ತಲೂ ಎಂಟು ಗೋಪುರಗಳಲ್ಲಿ ಸ್ಪೀಕರುಗಳೂ ಪರದೆಗಳೂ ಇವೆ. ಒಂದೇ ಊರಿನಲ್ಲಿ ಎರಡು ರಾತ್ರಿ ನುಡಿಸುವಾಗ ಮೊದಲ ರಾತ್ರಿಯ ಒಂದು ಹಾಡೂ ಎರಡನೆಯ ರಾತ್ರಿ ಮರಳುವುದಿಲ್ಲ. ಹಾಡುಗಳ ಆಯ್ಕೆಯಲ್ಲಿ ಧೈರ್ಯ ಬೇಕೆನ್ನುವ ಕೇಳುಗ ಅವರಿಗೆ ಇದು ಮೆಚ್ಚುಗೆಯಾಗಬೇಕು. ಮೇಡನ್ ಒಂದು ಪ್ರವಾಸಕ್ಕೆ ಒಂದು ಪಟ್ಟಿ ಕಟ್ಟಿ, ಅದನ್ನೇ ಊರೂರಿಗೂ ಒಯ್ಯುತ್ತದೆ. ಆದರೆ ಎಂ72ರ ಧ್ವನಿ ಬಗ್ಗೆ ಹೇಳಲೇಬೇಕು: ನಾನು ಕುಳಿತಿದ್ದ ಮೇಲಿನ ಸಾಲಿಗೆ ಎದುರುಬದಿಯ ಗೋಪುರಗಳ ಪ್ರತಿಧ್ವನಿ ಬಂದು ಸೇರುತ್ತಿತ್ತು, ವೇಗದ ಹಾಡುಗಳು ಕಲಸಿಹೋದವು. ಡ್ರಮ್ಸ್ ನಾಲ್ಕು ದಿಕ್ಕಿಗೂ ಸ್ಥಳ ಬದಲಿಸುತ್ತದೆ, ಆದ್ದರಿಂದ ಡ್ರಮ್ಮರ್ ಲಾರ್ಸ್ ಅವರ ಬೆನ್ನನ್ನೇ ಬಹಳ ಹೊತ್ತು ನೋಡಿದೆ.

ಕನ್ಸೋಲಿನ ಹಿಂದೆ

ಛಾವಣಿಯುಳ್ಳ ಕ್ರೀಡಾಂಗಣಗಳಲ್ಲಿ ಅದು ಎಲ್ಲರೂ ಎದುರಿಸುವ ಕಷ್ಟ. ಅರಮನೆ ಮೈದಾನಕ್ಕೆ ಆ ವಿಷಯದಲ್ಲಿ ಪುಣ್ಯವಿತ್ತು, ಧ್ವನಿಯನ್ನು ಹಿಂದಕ್ಕೆ ಎಸೆಯುವ ಗೋಡೆಗಳಿರಲಿಲ್ಲ. ನಮ್ಮಲ್ಲಿರುವ ಬೇರೆ ಕಟ್ಟು ಸಮಯದ್ದು. ರಾತ್ರಿ ಹತ್ತರ ನಂತರ ಧ್ವನಿವರ್ಧಕ ನಿಷಿದ್ಧವಾದ್ದರಿಂದ ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಮೊದಲ ತಂಡಗಳು ಹಗಲಿನಲ್ಲೇ ನುಡಿಸಬೇಕಾಗುವುದಕ್ಕೂ ಇದೇ ಕಾರಣ.

ಹಳೆಯ ಎಲ್‌ಪಿ

ಈ ಎಳೆಯನ್ನು ಓದುತ್ತಾ ಬಂದ ಹಾಗೆ ನನಗನ್ನಿಸಿದ್ದೆಂದರೆ, ನೆನಪಿನಿಂದ ಹೋಲಿಸುವುದು ಒಂದು, ದಾಖಲೆಯಿಂದ ಹೋಲಿಸುವುದು ಇನ್ನೊಂದು. ದಾಖಲೆಯೂ ಪೂರ್ತಿ ನಂಬತಕ್ಕದ್ದಲ್ಲ. ಜೂಡಾಸ್ ಪ್ರೀಸ್ಟ್ 1979ರ ಫೆಬ್ರುವರಿಯಲ್ಲಿ ಟೋಕಿಯೊದಲ್ಲಿ ನುಡಿಸಿದ್ದು 'ಅನ್‌ಲೀಶ್ಡ್ ಇನ್ ದಿ ಈಸ್ಟ್' ಎಂಬ ಆಲ್ಬಮ್ ಆಗಿ ಬಂದಿತು. ವಾದ್ಯಗಳು ಟೋಕಿಯೊದವು, ಗಾಯನವನ್ನು ಮಾತ್ರ ರಾಬ್ ಹಾಲ್‌ಫೋರ್ಡ್ ಆಮೇಲೆ ಸ್ಟುಡಿಯೊದಲ್ಲಿ ಮತ್ತೆ ಹಾಡಿದ್ದರು. ಆ ಆಲ್ಬಮ್ ನನಗೆ ಪ್ರಾಣಪ್ರಿಯ. ಅವರ ಕಂಠಶಕ್ತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಗಳಿವೆ. ಆದರೆ ಅದನ್ನು ಮುಂದಿಟ್ಟುಕೊಂಡು ಬೇರೊಬ್ಬ ಗಾಯಕರ ನೇರ ಪ್ರದರ್ಶನವನ್ನು ಅಳೆದರೆ ಅನ್ಯಾಯವಾಗುತ್ತದೆ.

ಇದಕ್ಕೆ ಎದುರಾಗಿ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಇದೆ. 1972ರ ಆಗಸ್ಟಿನಲ್ಲಿ ಒಸಾಕಾದಲ್ಲಿ ಎರಡು ದಿನ, ಟೋಕಿಯೊದಲ್ಲಿ ಒಂದು ದಿನ ನುಡಿಸಿದ್ದರಿಂದ ಆಯ್ದದ್ದು. ಅದನ್ನು ಧ್ವನಿಮುದ್ರಿಸಿದವರು ಮಾರ್ಟಿನ್ ಬರ್ಚ್. 1985ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಮೇಡನ್ ನುಡಿಸಿದ್ದನ್ನು 'ಲಿವ್ ಆಫ್ಟರ್ ಡೆತ್' ಆಗಿ ರೂಪಿಸಿದವರೂ ಅವರೇ. ಹದಿಮೂರು ವರ್ಷಗಳ ಅಂತರದ ಈ ಎರಡು ಧ್ವನಿಮುದ್ರಣಗಳನ್ನು ಒಂದಾದ ಮೇಲೊಂದು ಕೇಳಿದರೆ ಒಂದೇ ಕಿವಿಯ ಕೆಲಸವೆಂದು ತಿಳಿಯುತ್ತದೆ: ಪ್ರತಿ ವಾದ್ಯಕ್ಕೂ ಅದರದೇ ಜಾಗವಿದೆ, ಜನರ ಸದ್ದು ಹಾಡಿನ ನಡುವೆ ನುಗ್ಗುವುದಿಲ್ಲ, ತಪ್ಪುಗಳನ್ನು ಮುಚ್ಚುವ ಆತುರವೂ ಇಲ್ಲ. ಹನ್ನೊಂದು ತಿಂಗಳ ಪ್ರವಾಸದ ಏಳನೆಯ ತಿಂಗಳೋ ಎಂಟನೆಯ ತಿಂಗಳೋ ಆಗಿದ್ದ ಆ ಹೊತ್ತಿನಲ್ಲಿ ಡಿಕಿನ್ಸನ್ ಅವರ ಧ್ವನಿಯಲ್ಲಿ ದಣಿವಿನ ಗರಗರ ಕೇಳುತ್ತದೆ, ಅದನ್ನು ಹಾಗೆಯೇ ಬಿಟ್ಟಿದ್ದಾರೆ. 2009ರಲ್ಲಿ ಬೆಂಗಳೂರಿಗೆ ಬಂದದ್ದು ಅದೇ ಎಂಬತ್ತರ ದಶಕದ ಹಾಡುಗಳನ್ನು ಮತ್ತೆ ಹೊತ್ತು ತಂದ ಪ್ರವಾಸ. ಹಾಗಾಗಿ 2009ರ ಸಂಜೆಯನ್ನು ಹೋಲಿಸಬೇಕಾದದ್ದು 2007ರ ಸಂಜೆಯ ಜೊತೆಗಲ್ಲ, 1985ರ ಲಾಂಗ್ ಬೀಚ್ ಜೊತೆಗೆ. ಅದೇ ಪ್ರವಾಸದ 'ಫ್ಲೈಟ್ 666' ಆಲ್ಬಮ್‌ನಲ್ಲಿ ಒಂದೊಂದು ಹಾಡೂ ಒಂದೊಂದು ಊರಿನದು, 'ಏಸಸ್ ಹೈ' 2008ರ ಫೆಬ್ರುವರಿ 1ರ ಮುಂಬೈಯದು. ಲಾಂಗ್ ಬೀಚ್‌ನ 'ಏಸಸ್ ಹೈ' ಹಾಕಿ, ಮರುಗಳಿಗೆಯೇ ಮುಂಬೈಯದನ್ನು ಹಾಕಿ ಕೇಳಿ. ಮೊದಲನೆಯದರಲ್ಲಿ ಎರಡು ಗಿಟಾರುಗಳು, ಅವಸರ, ಯೌವನ. ಎರಡನೆಯದರಲ್ಲಿ ಮೂರು ಗಿಟಾರುಗಳು, ತುಂಬಿದ ನಡು, ಎಲ್ಲಿ ಉಸಿರೆಳೆಯಬೇಕೆಂದು ಬಲ್ಲ ಗಾಯಕ. ಒಂದೇ ಹಾಡು, ಒಂದೇ ಶ್ರುತಿ. ನಮ್ಮ ಕೈಯಲ್ಲಿರುವ ಅತ್ಯಂತ ನ್ಯಾಯವಾದ ಹೋಲಿಕೆ ಇದು.

ಪಿಯುಸಿ ಮೆಟಲ್

ಹಿರಿಯರೆಲ್ಲರಿಗೂ ನಮಸ್ಕಾರ. ನೀವು ಹೇಳುತ್ತಿರುವ ಕಾರ್ಯಕ್ರಮಗಳು ನಡೆದಾಗ ನಾನು ಮಗು. ನನಗೆ ತಿಳಿದದ್ದೆಲ್ಲ ವಿಡಿಯೊಗಳಿಂದ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕಿನಲ್ಲಿ ಬ್ಲ್ಯಾಕ್ ಸಬಾತ್ ಕೊನೆಯ ಬಾರಿ ನುಡಿಸಿದ್ದನ್ನು ಫೋನಿನಲ್ಲಿ ನೋಡಿದೆ. ಗಾಯಕ ಓಝಿ ಆಸನದ ಮೇಲೆ ಕುಳಿತೇ ಹಾಡಿದರು. ಸ್ವರ ಕೆಲವೆಡೆ ನಿಲ್ಲಲಿಲ್ಲ. ಹದಿನೇಳು ದಿನಗಳ ನಂತರ ಅವರು ತೀರಿಕೊಂಡರು. ಇಲ್ಲಿ ಹೇಳಿದ ಲಯ, ಶ್ರುತಿ, ನಾದದ ಅಳತೆಗಳಿಂದ ನೋಡಿದರೆ ಆ ಪ್ರದರ್ಶನಕ್ಕೆ ಕಡಿಮೆ ಅಂಕ ಬರುತ್ತದೆ. ಆದರೆ ನಾನು ನೋಡಿದ ನೂರಾರು ವಿಡಿಯೊಗಳಲ್ಲಿ ಅದರಷ್ಟು ಯಾವುದೂ ನನ್ನನ್ನು ತಟ್ಟಿಲ್ಲ. ಅದನ್ನು ಯಾವುದರ ಜೊತೆ ಹೋಲಿಸಬೇಕು?

ಮೈಸೂರು ತಾಳವಾದ್ಯ

ತಮ್ಮಾ, ಅದನ್ನು ಓಝಿ ಅವರ ಹಿಂದಿನ ಪ್ರದರ್ಶನಗಳ ಜೊತೆ ಹೋಲಿಸಬೇಡ, ಆ ಸಂಜೆ ಅದೇ ವೇದಿಕೆಯಲ್ಲಿ ಅದಕ್ಕೆ ಮೊದಲು ನುಡಿಸಿದ ತಂಡಗಳ ಜೊತೆ ಹೋಲಿಸಿ ನೋಡು. ಮೆಟಾಲಿಕಾ, ಸ್ಲೇಯರ್, ಪಂತೇರಾ ಎಲ್ಲ ಸಬಾತ್‌ನ ಹಾಡುಗಳನ್ನು ನುಡಿಸಿದರು, ಇಂದಿನ ಶಕ್ತಿಯಿಂದ, ನಿಖರವಾಗಿ. ಆಮೇಲೆ ಐಯೊಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್, ಓಝಿ 2005ರ ನಂತರ ಮೊದಲ ಬಾರಿ ನಾಲ್ವರೂ ಕೂಡಿ ನಾಲ್ಕೇ ಹಾಡು ನುಡಿಸಿದರು. ವಾರ್ಡ್ ಅವರ ಡ್ರಮ್ಸ್ ಕೇಳಿಸಿಕೋ. ಜಾಝ್‌ನಿಂದ ಬಂದ ಆ ಕೈ ಎಣಿಕೆಗಿಂತ ಒಂದು ಕೂದಲೆಳೆ ಹಿಂದೆ ಬೀಳುತ್ತದೆ, ಐಯೊಮಿ ಅವರ ರಿಫ್ ಅದರ ಮೇಲೆ ಒರಗಿಕೊಂಡು ಸಾಗುತ್ತದೆ. ಅದಕ್ಕೆ ಮೊದಲು ನುಡಿಸಿದ ಯಾವ ತಂಡದಲ್ಲೂ ಆ ನಡಿಗೆ ಇರಲಿಲ್ಲ. ನಿನ್ನನ್ನು ತಟ್ಟಿದ್ದರಲ್ಲಿ ದುಃಖ ಎಷ್ಟು, ಆ ನಡಿಗೆ ಎಷ್ಟು ಎಂಬುದನ್ನು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದರೆ ನಿನಗೇ ತಿಳಿದೀತು.

ಹುಬ್ಬಳ್ಳಿ ಆರು ತಂತಿ

ಎಲ್‌ಪಿಯವರು ತೋರಿಸಿದ ದಾರಿ ಮೆಟಾಲಿಕಾಕ್ಕೂ ಇದೆ. 2004ರಿಂದೀಚೆಗೆ ತಂಡ ತನ್ನ ಹೆಚ್ಚಿನ ಕಾರ್ಯಕ್ರಮಗಳ ಧ್ವನಿಮುದ್ರಣವನ್ನು ಮಾರಾಟಕ್ಕೆ ಇಡುತ್ತಿದೆ. ಅವು ವೇದಿಕೆಯ ಮೈಕುಗಳಿಂದ ನೇರವಾಗಿ ಬಂದವಾದ್ದರಿಂದ ಹಿಂದಿನ ಎಡಬದಿಯ ತೊಂದರೆ ಅಲ್ಲಿಲ್ಲ. ಕೇಳುಗ ಅವರು ಯಾವ ವರ್ಷದ್ದಾದರೂ ಎರಡು 'ಮಾಸ್ಟರ್ ಆಫ್ ಪಪೆಟ್ಸ್' ಆಯ್ದುಕೊಳ್ಳಲಿ, ಜೊತೆಗೆ 1989ರ ಸಿಯಾಟಲ್‌ನದನ್ನೂ ಇಟ್ಟುಕೊಳ್ಳಲಿ. ಬಲಗೈಯನ್ನು ಮಾತ್ರ ಕೇಳಲಿ.

ನಾಗರಬಾವಿ ಕೇಳುಗ

ಎರಡು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಕೇಳಿದೆ. ಸಿಯಾಟಲ್‌ನ ಮೀಟುಗಳಲ್ಲಿ ಸಿಟ್ಟು ಹೆಚ್ಚು, ಈಚಿನವುಗಳಲ್ಲಿ ಅಂತರಗಳು ಹೆಚ್ಚು ಸಮ. ಅರ್ಧ ಸ್ವರ ಇಳಿದದ್ದರಿಂದ ರಿಫ್ಫಿಗೆ ಬಂದ ಭಾರವೂ ಈಗ ನನಗೆ ಹಿಡಿಸಿದೆ. ಮೆಟಾಲಿಕಾದ ಬಲಗೈಗೆ ಸಮನಾದುದು ಮೇಡನ್‌ನಲ್ಲಿ ಹ್ಯಾರಿಸ್ ಅವರ ಎರಡು ಬೆರಳುಗಳು ಮಾತ್ರ. ಇಷ್ಟಾದರೂ 2007ರ ಸಂಜೆಯನ್ನು ನಾನು ಮೊದಲ ಸ್ಥಾನದಿಂದ ಇಳಿಸುವುದಿಲ್ಲ. ಅಂದು ಅವರು ನುಡಿಸಿದ ಹೊಸ ಹಾಡುಗಳಲ್ಲಿ ಕೆಲವನ್ನು ಆಮೇಲಿನ ಪ್ರವಾಸಗಳಲ್ಲಿ ಮತ್ತೆ ಎತ್ತಿಕೊಂಡಿಲ್ಲ, ಆದ್ದರಿಂದ ಅವುಗಳ ಮಟ್ಟಿಗೆ ನಮಗೆ ಸಿಕ್ಕದ್ದು ಬೇರೆಯವರಿಗೆ ಸುಲಭವಾಗಿ ಸಿಗುವಂಥದ್ದಲ್ಲ.

ಸರ್, ಒಂದು ಪ್ರಶ್ನೆ ಉಳಿದಿದೆ. ಮುಂದಿನ ಸಲ ಬಯಲಿನಲ್ಲಿ ಎಲ್ಲಿ ನಿಲ್ಲಬೇಕು?

ಕನ್ಸೋಲಿನ ಹಿಂದೆ

ಮಿಕ್ಸಿಂಗ್ ಕನ್ಸೋಲಿನ ಕಟಾಂಜನದ ಮುಂದೆ, ಆದರೆ ಸರಿಯಾಗಿ ನಡುಗೆರೆಯ ಮೇಲೆ ಬೇಡ, ಅಲ್ಲಿ ಬಾಸ್ ಅತಿಯಾಗಿರುತ್ತದೆ. ನಾಲ್ಕೈದು ಹೆಜ್ಜೆ ಒಂದು ಬದಿಗೆ ಸರಿದು ನಿಲ್ಲಿ. ಕಿವಿಗೆ ಫಿಲ್ಟರ್ ಇರುವ ಪ್ಲಗ್ ಹಾಕಿಕೊಳ್ಳಿ. ಹತ್ತಿಯೋ ಸ್ಪಂಜೋ ತುರುಕಿದರೆ ಮೇಲಿನ ಸ್ವರಗಳೇ ಹೆಚ್ಚಾಗಿ ಸತ್ತುಹೋಗುತ್ತವೆ. ತುಂಗಾ ತೀರ ಮೇಡಂ ಹೇಳಿದ್ದು ನನ್ನ ಮನಸ್ಸಿನಲ್ಲಿದೆ. ಕನ್ಸೋಲಿನ ಸುತ್ತ ಗಟ್ಟಿಯಾದ ಕಟಾಂಜನ ಇರುವುದರಿಂದ ಅದಕ್ಕೆ ಬೆನ್ನು ಕೊಟ್ಟು ನಿಂತವರಿಗೆ ಹಿಂದಿನಿಂದ ನೂಕುನುಗ್ಗಲು ಇರುವುದಿಲ್ಲ, ಮುಂದಿನ ಗುಂಪಿನ ತಳ್ಳಾಟವೂ ಸಾಮಾನ್ಯವಾಗಿ ಅಲ್ಲಿಯವರೆಗೆ ಬರುವುದಿಲ್ಲ. ಬಾಗಿಲು ತೆರೆದ ಕೂಡಲೇ ಹೋದರೆ ಆ ಜಾಗ ಸಿಗುತ್ತದೆ, ಏಕೆಂದರೆ ಬೇಗ ಬಂದವರೆಲ್ಲ ತಡೆಗೋಡೆಯ ಕಡೆಗೇ ಓಡುತ್ತಾರೆ.